ಮೂವತ್ತಾರು ಗರಗಳ ಆಟ

ಮನೆಯಲ್ಲಿ ದಾಳ ಉರುಳುವ ಸದ್ದಾದರೆ ಹಿರಿಯರಿಗೆ ಮೊದಲು ನೆನಪಾಗುವುದು ಶಕುನಿ. ಅವನ ಬೆನ್ನಿಗೇ ಧರ್ಮರಾಯ. ಹಾವು-ಏಣಿಗೆ, ಲೂಡೋಗೆ ಅಷ್ಟಿಷ್ಟು ರಿಯಾಯಿತಿ ಉಂಟು, ಚಿಕ್ಕ ಮಕ್ಕಳ ಆಟವೆಂದು. ಆದರೆ ಹೈಸ್ಕೂಲಿಗೆ ಬಂದ ಹುಡುಗ ದಾಳ ಹಿಡಿದು ಕುಳಿತರೆ, "ಚದುರಂಗವನ್ನಾದರೂ ಆಡಬಾರದೇನೋ, ಬುದ್ಧಿಯಾದರೂ ಬೆಳೆದೀತು" ಎಂಬ ಮಾತು ಅಡುಗೆಮನೆಯಿಂದ ತೇಲಿಬರುತ್ತದೆ. ದಾಳ ಎಂದರೆ ಜೂಜು, ಜೂಜು ಎಂದರೆ ಮನೆಹಾಳು ಎಂಬ ಭಯ ನಮ್ಮಲ್ಲಿ ಬಹಳ ಹಳೆಯದು. ಋಗ್ವೇದದ ಅಕ್ಷಸೂಕ್ತದಲ್ಲೇ ಜೂಜುಗಾರನ ಗೋಳಿದೆ.

ಆದರೆ ಅದೇ ಮಹಾಭಾರತದಲ್ಲಿ ಇನ್ನೊಂದು ಕಥೆಯೂ ಇದೆ. ಎಲ್ಲ ಸೋತು ಕಾಡಿನಲ್ಲಿ ಕೊರಗುತ್ತಿದ್ದ ಧರ್ಮರಾಯನಿಗೆ ಬೃಹದಶ್ವ ಋಷಿ ಹೇಳಿದ ನಳನ ಕಥೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಇದು ಚೆನ್ನಾಗಿ ಪರಿಚಯ. ದಾಳದಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆಮರ ಕಾಣುತ್ತದೆ. ಋತುಪರ್ಣ ಅದರ ಎಲೆ, ಕಾಯಿಗಳ ಲೆಕ್ಕವನ್ನು ನಿಂತಲ್ಲೇ ಹೇಳಿಬಿಡುತ್ತಾನೆ. ನಳ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ! ಆ ವಿದ್ಯೆಯ ಹೆಸರು 'ಅಕ್ಷಹೃದಯ'. ಎಣಿಕೆಯ ವಿದ್ಯೆಯೂ ಅದೇ, ದಾಳದ ವಿದ್ಯೆಯೂ ಅದೇ. ಅದನ್ನು ಕಲಿತ ನಳ ಕಳೆದುಕೊಂಡದ್ದನ್ನು ಮರಳಿ ಗೆಲ್ಲುತ್ತಾನೆ. ಕಥೆ ಮುಗಿಸಿದ ಋಷಿ ಧರ್ಮರಾಯನಿಗೂ ಅದೇ ವಿದ್ಯೆಯನ್ನು ಕಲಿಸುತ್ತಾನೆ. ಇನ್ನು ಮುಂದೆ ದಾಳ ಮುಟ್ಟಬೇಡ ಎಂದು ಹೇಳುವುದಿಲ್ಲ, ಎಣಿಸುವುದನ್ನು ಕಲಿಸುತ್ತಾನೆ. ಇದು ಗಮನಿಸಬೇಕಾದ ಮಾತು.

ಎಣಿಸಲು ಬಂದವನಿಗೂ ಬಾರದವನಿಗೂ ಇರುವ ಅಂತರ ಕಣ್ಣಿಗೆ ಕಟ್ಟುವಂತೆ ಕಾಣುವ ಆಟವೊಂದು ಜಗತ್ತಿನ ಅರ್ಧ ಭಾಗದಲ್ಲಿ ಮನೆಮಾತಾಗಿದೆ. ಅದು ಬ್ಯಾಕ್‌ಗ್ಯಾಮನ್. ನಮ್ಮ ಊರುಗಳಲ್ಲಿ ಅದನ್ನು ಬಲ್ಲವರು ಕಡಿಮೆ. ಆದರೆ ಪಗಡೆ, ಚೌಕಾಬಾರ ಆಡಿದವರಿಗೆ ಇದನ್ನು ಕಲಿಯಲು ಒಂದು ಸಂಜೆ ಸಾಕು.

ಪರ್ಷಿಯಾದ ಉತ್ತರ

ಇರಾನಿನಲ್ಲಿ ಈ ಆಟದ ಹೆಸರು 'ತಖ್ತೆ ನರ್ದ್'. ತಖ್ತೆ ಎಂದರೆ ಹಲಗೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಗೆರೆ ಎಳೆದು ಅಂಕಿ ಅಂಶ ತುಂಬುವ 'ತಖ್ತೆ'ಯೂ ಅಲ್ಲಿಂದ ಬಂದದ್ದೇ. ತುರ್ಕಿಯಲ್ಲಿ ಇದು 'ತಾವ್ಲಾ', ಗ್ರೀಸಿನಲ್ಲಿ 'ತಾವ್ಲಿ', ಅರಬ್ಬರ ನಾಡುಗಳಲ್ಲಿ 'ತಾವ್ಲಾ' ಅಥವಾ 'ತಾವ್ಲೆ'. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯವರಲ್ಲಿ ಕೆಲವರಾದರೂ ಅಲ್ಲಿಯ ಚಹಾದಂಗಡಿಗಳಲ್ಲಿ ಮುದುಕರು ಈ ಹಲಗೆಯ ಮುಂದೆ ಕುಳಿತು ಕಾಯಿ ಕುಟ್ಟುವುದನ್ನು ಕಂಡಿರಬಹುದು.

ಈ ಆಟದ ಹುಟ್ಟಿನ ಬಗ್ಗೆ ಪರ್ಷಿಯನ್ನರ ಹಳೆಯ ಪಹ್ಲವಿ ಭಾಷೆಯಲ್ಲಿ ಒಂದು ಸೊಗಸಾದ ಕಥೆ ಇದೆ. ಅದರಲ್ಲಿ ಭಾರತದ ಪಾತ್ರವೂ ಉಂಟು. ಭಾರತದ ಅರಸನೊಬ್ಬ ಚದುರಂಗದ ಹಾಸನ್ನೂ ಕಾಯಿಗಳನ್ನೂ ಪರ್ಷಿಯಾದ ದೊರೆ ಖುಸ್ರೋಗೆ (ಆಳ್ವಿಕೆ ಕ್ರಿ.ಶ. 531-579) ಕಳಿಸಿ, 'ಇದನ್ನು ಆಡುವ ಬಗೆ ಕಂಡುಹಿಡಿಯಿರಿ, ಇಲ್ಲವಾದರೆ ಕಪ್ಪ ಕೊಡಿ' ಎಂದು ಸವಾಲು ಹಾಕುತ್ತಾನೆ. ಖುಸ್ರೋನ ಮಂತ್ರಿ ಬುಜುರ್ಗ್‌ಮೆಹರ್ ಅದನ್ನು ಬಿಡಿಸುತ್ತಾನೆ. ಸಾಲದ್ದಕ್ಕೆ ತಾನೇ ಇನ್ನೊಂದು ಆಟ ಕಟ್ಟಿ ಭಾರತಕ್ಕೆ ಮರುಸವಾಲು ಕಳಿಸುತ್ತಾನೆ. ಅದೇ ನರ್ದ್. ಹಲಗೆ ಭೂಮಿಯಂತೆ, ಮೂವತ್ತು ಕಾಯಿ ತಿಂಗಳ ಮೂವತ್ತು ದಿನದಂತೆ, ಬಿಳಿ ಹಗಲು, ಕರಿ ಇರುಳು, ದಾಳದ ಉರುಳು ಗ್ರಹಗತಿ ಎಂದು ಅವನ ವಿವರಣೆ. ನಮ್ಮ ಪಂಡಿತರಿಗೆ ಅದನ್ನು ಬಿಡಿಸಲಾಗಲಿಲ್ಲವಂತೆ! ಕಥೆ ಬರೆದವರು ಪರ್ಷಿಯನ್ನರು ಎಂಬುದನ್ನು ಮರೆಯಬಾರದು. ದಾಳ ಮತ್ತು ಹಾಸಿನ ಆಟಗಳಲ್ಲಿ ಭಾರತೀಯರು ಅಷ್ಟು ಪೆದ್ದರೇನೂ ಆಗಿರಲಿಲ್ಲ. ಎಲ್ಲೋರಾದ ಗುಹೆಗಳಲ್ಲಿ ಶಿವ ಪಾರ್ವತಿಯರೇ ದಾಳವಾಡುತ್ತ ಕುಳಿತಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ದಾಳದಾಟಕ್ಕೂ ಜಾಗವಿದೆ.

ತುರ್ಕಿ, ಇರಾನಿನ ಆಟಗಾರರು ಗರ ಕೂಗುವ ಬಗೆಯೂ ನಮಗೆ ಅಪರಿಚಿತವಲ್ಲ. ಯೆಕ್, ದು, ಸೆ, ಚಹಾರ್, ಪಂಜ್, ಶೆಶ್. ಏಕ, ದ್ವಿ, ತ್ರಿ, ಚತುರ್, ಪಂಚ, ಷಟ್ ಕಲಿತ ವಿದ್ಯಾರ್ಥಿಗೆ ಇವು ದಾಯಾದಿಗಳೆಂದು ಬೇರೆ ಹೇಳಬೇಕಿಲ್ಲ. ಆರು-ಐದು ಬಿದ್ದರೆ ತುರ್ಕಿಯವರು 'ಶೆಶ್-ಬೆಶ್' ಎನ್ನುತ್ತಾರೆ. ಶೆಶ್ ಪರ್ಷಿಯನ್, ಬೆಶ್ ತುರ್ಕಿ. ಎರಡು ಭಾಷೆ ಒಂದೇ ಗರದಲ್ಲಿ!

ಕ್ಯಾಲೆಂಡರಿನ ಹಿಂಬದಿ ಸಾಕು

ಅಂಗಡಿಯಿಂದ ಹಲಗೆ ತರಬೇಕೆಂದೇನಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ಅಳತೆಪಟ್ಟಿ, ಲೂಡೋ ಡಬ್ಬಿಯಿಂದ ಎರಡು ದಾಳ, ಎರಡು ಬಣ್ಣದ ಹದಿನೈದು ಹದಿನೈದು ಗುಂಡಿಗಳು, ದಾಳ ಕುಲುಕಲು ಒಂದು ಸಣ್ಣ ಲೋಟ. ಇಷ್ಟಿದ್ದರೆ ಆಟ ಸಿದ್ಧ. ದಾಳವನ್ನು ಬೆರಳಲ್ಲಿ ಹಿಡಿದು ಜಾರಿಸುವ ಕೈಚಳಕಕ್ಕೆ ಅವಕಾಶ ಇರಬಾರದೆಂದೇ ಲೋಟ. ದಾಳ ಹಾಸಿನ ಆಚೆ ಬಿದ್ದರೆ ಅಥವಾ ಕಾಯಿಗೆ ಒರಗಿ ವಾಲಿ ನಿಂತರೆ ಎರಡನ್ನೂ ಮತ್ತೆ ಹಾಕಬೇಕು.

ಹಾಸಿನಲ್ಲಿ 24 ಉದ್ದನೆಯ ತ್ರಿಕೋನಗಳು. ಕೆಳ ಅಂಚಿನಲ್ಲಿ 12, ಮೇಲಂಚಿನಲ್ಲಿ 12, ಎರಡರ ಮೊನೆಗಳೂ ಹಾಸಿನ ಮಧ್ಯದ ಕಡೆಗೆ. ಚೌಕಾಬಾರದಲ್ಲಿ ಹೇಳುವಂತೆ ಒಂದೊಂದನ್ನೂ 'ಮನೆ' ಎನ್ನೋಣ. ಹಾಸಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿ. ಹೀಗೆ ಆರಾರು ಮನೆಗಳ ನಾಲ್ಕು ಅಂಗಳಗಳಾದವು.

ಅಕ್ಕ, ತಮ್ಮ ಎದುರುಬದುರು ಕುಳಿತಿದ್ದಾರೆ ಎಂದುಕೊಳ್ಳೋಣ. ಅಕ್ಕನದು ಬಿಳಿ, ತಮ್ಮನದು ಕರಿ. ಅಕ್ಕನ ಹತ್ತಿರದ ಅಂಚಿನಲ್ಲಿ ಬಲಗಡೆಯದು ಅವಳ ಒಳ ಅಂಗಳ. ಅಲ್ಲಿ ಬಲತುದಿಯ ಮನೆಗೆ 1 ಎಂದು ಎಣಿಕೆ ಶುರು. ಎಡಕ್ಕೆ ಹೋಗುತ್ತ 12, ಎದುರಿನ ಅಂಚಿಗೆ ಹತ್ತಿ ಎಡತುದಿಯಲ್ಲಿ 13, ಮತ್ತೆ ಬಲಕ್ಕೆ ಸಾಗಿ ಕೊನೆಗೆ 24. ತಮ್ಮನ ಎಣಿಕೆ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಕ್ಕನ 24 ಅವನ 1. ಯಾವ ಮನೆಯನ್ನೇ ತೆಗೆದುಕೊಂಡರೂ ಇಬ್ಬರ ಎಣಿಕೆ ಕೂಡಿದರೆ 25 ಬರುತ್ತದೆ. ಹೀಗಾಗಿ ಇಬ್ಬರ ಒಳ ಅಂಗಳಗಳೂ ಒಂದೇ ಬದಿಯಲ್ಲಿ, ಎದುರುಬದುರಾಗಿ ಇರುತ್ತವೆ.

ಕಾಯಿ ಹೂಡುವುದು ಹೀಗೆ: ತಂತಮ್ಮ ಎಣಿಕೆಯ 24ನೇ ಮನೆಯಲ್ಲಿ ಎರಡು, 13ರಲ್ಲಿ ಐದು, 8ರಲ್ಲಿ ಮೂರು, 6ರಲ್ಲಿ ಐದು. ಎಲ್ಲ ಕಾಯಿಗಳನ್ನೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯ ಕಡೆಗೆ ನಡೆಸಿ ಒಳ ಅಂಗಳಕ್ಕೆ ತಂದು, ಆಮೇಲೆ ಒಂದೊಂದಾಗಿ ಹಣ್ಣು ಮಾಡಿ ಹಾಸಿನಿಂದ ಇಳಿಸಬೇಕು. ಹದಿನೈದನ್ನೂ ಮೊದಲು ಇಳಿಸಿದವರದು ಗೆಲುವು. ಪೂರ್ತಿ ದಾರಿ ಎಷ್ಟು ಹೆಜ್ಜೆ? ಎರಡು ಕಾಯಿಗೆ 48, ಐದಕ್ಕೆ 65, ಮೂರಕ್ಕೆ 24, ಐದಕ್ಕೆ 30, ಒಟ್ಟು 167. ಪಳಗಿದವರು ಆಟದ ನಡುವೆ ಆಗಾಗ ಈ ಮೊತ್ತವನ್ನು ಮನಸ್ಸಿನಲ್ಲೇ ಕೂಡಿ, ಯಾರು ಎಷ್ಟು ಮುಂದಿದ್ದಾರೆಂದು ನೋಡಿಕೊಳ್ಳುತ್ತಾರೆ.

ನಡೆಯುವುದು, ಕಡಿಯುವುದು, ಕಟ್ಟುವುದು

ಮೊದಲಿಗೆ ಇಬ್ಬರೂ ಒಂದೊಂದು ದಾಳ ಹಾಕುತ್ತಾರೆ. ಹೆಚ್ಚು ಬಿದ್ದವರದು ಮೊದಲ ನಡೆ. ಆ ಎರಡು ದಾಳಗಳ ಅಂಕಿಯೇ ಅವರ ಮೊದಲ ಗರ. ಸಮ ಬಿದ್ದರೆ ಮತ್ತೆ ಹಾಕಬೇಕು. ಆಮೇಲೆ ಸರದಿಯಂತೆ ಎರಡೂ ದಾಳ. 5-2 ಬಿತ್ತೆನ್ನಿ. ಒಂದು ಕಾಯಿಯನ್ನು 5 ಮನೆ, ಇನ್ನೊಂದನ್ನು 2 ಮನೆ ನಡೆಸಬಹುದು. ಒಂದೇ ಕಾಯಿಯನ್ನು ಏಳು ಮನೆಯೂ ನಡೆಸಬಹುದು, ಆದರೆ ನಡುವೆ ಕಾಲಿಡುವ ಮನೆ ತೆರೆದಿರಬೇಕು. ಎರಡರಲ್ಲೂ ಒಂದೇ ಅಂಕಿ ಬಿದ್ದರೆ ಅದು ಅವಳಿ ಗರ. ಆ ಅಂಕಿಯನ್ನು ನಾಲ್ಕು ಸಲ ಆಡಬಹುದು.

ಎದುರಾಳಿಯ ಎರಡು ಅಥವಾ ಹೆಚ್ಚು ಕಾಯಿ ಇರುವ ಮನೆಗೆ ಪ್ರವೇಶವಿಲ್ಲ. ಚೌಕಾಬಾರದ 'ಗಟ್ಟಿ' ಇದ್ದಂತೆ, ಅದು ಕಟ್ಟಿದ ಮನೆ. ಒಂಟಿ ಕಾಯಿ ಇದ್ದರೆ ಮಾತ್ರ ಕಡಿಯಬಹುದು. ಕಡಿಸಿಕೊಂಡ ಕಾಯಿ ನಡುಪಟ್ಟಿಯ ಮೇಲೆ ಕೂರುತ್ತದೆ. ಅದು ಮತ್ತೆ ಎದುರಾಳಿಯ ಒಳ ಅಂಗಳದಿಂದ, ಅಂದರೆ ದಾರಿಯ ಮೊದಲಿನಿಂದ, ಒಳಬರಬೇಕು. 4 ಬಿದ್ದರೆ ಎದುರಾಳಿಯ ಎಣಿಕೆಯ 4ನೇ ಮನೆಗೆ, ಅದು ತೆರೆದಿದ್ದರೆ. ಅದು ಒಳಬರುವ ತನಕ ಬೇರೆ ಯಾವ ಕಾಯಿಯನ್ನೂ ಮುಟ್ಟುವಂತಿಲ್ಲ.

ಇನ್ನೊಂದು ಕಟ್ಟುನಿಟ್ಟಿನ ನಿಯಮ: ಆಡಲು ಸಾಧ್ಯವಿರುವ ಅಂಕಿಯನ್ನು ಆಡಲೇಬೇಕು. ಎರಡರಲ್ಲಿ ಯಾವುದಾದರೂ ಒಂದನ್ನು ಮಾತ್ರ ಆಡಬಹುದಾದರೆ ದೊಡ್ಡದನ್ನೇ ಆಡಬೇಕು. ಈ ನಿಯಮಕ್ಕೆ ಸಿಕ್ಕಿ ಒದ್ದಾಡಿದ ಒಬ್ಬ ಚಕ್ರವರ್ತಿಯ ಕಥೆ ಇತಿಹಾಸದಲ್ಲಿ ಉಳಿದಿದೆ. 5ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಳುತ್ತಿದ್ದ ಜೆನೋ (474-491) ಈ ಆಟದ ಪೂರ್ವಜವಾದ 'ತಾಬುಲಾ' ಆಡುತ್ತಿದ್ದ. ಆಗ ದಾಳ ಮೂರು. ಒಳ್ಳೆಯ ಸ್ಥಿತಿಯಲ್ಲಿದ್ದವನಿಗೆ 2, 5, 6 ಬಿತ್ತು. ಬೇರೆ ದಾರಿಯಿಲ್ಲದೆ ಕಟ್ಟಿದ ಮನೆಗಳನ್ನೆಲ್ಲ ಒಡೆದು ಎಂಟು ಕಾಯಿಗಳನ್ನು ಒಂಟಿಯಾಗಿ ಬಿಡಬೇಕಾಯಿತು! ಮುಂದಿನ ಶತಮಾನದ ಅಗಾಥಿಯಾಸ್ ಎಂಬ ಕವಿ ಕಾಯಿಗಳ ಸ್ಥಾನ ಸಮೇತ ಇದನ್ನು ಬರೆದಿಟ್ಟ. ಅದರಿಂದಲೇ ಆ ಹಳೆಯ ಆಟದ ನಿಯಮಗಳನ್ನು ವಿದ್ವಾಂಸರು ಊಹಿಸಿದ್ದು. ಚಕ್ರವರ್ತಿ ಗೆದ್ದ ಆಟಗಳು ಯಾರಿಗೂ ನೆನಪಿಲ್ಲ.

ಹದಿನೈದೂ ಕಾಯಿ ಒಳ ಅಂಗಳ ಸೇರಿದ ಮೇಲೆ ಹಣ್ಣು ಮಾಡುವ ಕೆಲಸ. 4 ಬಿದ್ದರೆ 4ನೇ ಮನೆಯ ಕಾಯಿಯನ್ನು ಇಳಿಸಬಹುದು. ಅಲ್ಲಿ ಕಾಯಿ ಇಲ್ಲದೆ 5, 6ರಲ್ಲಿ ಇದ್ದರೆ ಅವುಗಳಲ್ಲೊಂದನ್ನು ನಾಲ್ಕು ಮನೆ ನಡೆಸಬೇಕು. ಅಲ್ಲೂ ಇಲ್ಲದಿದ್ದರೆ, ಇರುವುದರಲ್ಲಿ ಅತಿ ಹಿಂದಿನ ಕಾಯಿಯನ್ನು ಇಳಿಸಬೇಕು. ಸೋತವರು ಒಂದು ಕಾಯಿಯನ್ನೂ ಇಳಿಸಿರದಿದ್ದರೆ ಗೆಲುವು ಎರಡು ಪಟ್ಟು. ಅದಕ್ಕೆ 'ಗ್ಯಾಮನ್' ಎನ್ನುತ್ತಾರೆ. ಜೊತೆಗೆ ಅವರ ಕಾಯಿಯೊಂದು ಇನ್ನೂ ಗೆದ್ದವರ ಒಳ ಅಂಗಳದಲ್ಲೋ ನಡುಪಟ್ಟಿಯ ಮೇಲೋ ಉಳಿದಿದ್ದರೆ ಮೂರು ಪಟ್ಟು, ಆಗ 'ಬ್ಯಾಕ್‌ಗ್ಯಾಮನ್'.

ನಿಯಮಗಳು ಇಷ್ಟೇ. ಆಟ ಮಾತ್ರ ಇಲ್ಲಿಂದ ಶುರುವಾಗುತ್ತದೆ.

ಇಪ್ಪತ್ತೊಂದೋ, ಮೂವತ್ತಾರೋ?

ಎರಡು ದಾಳ ಹಾಕಿದರೆ ಎಷ್ಟು ಬಗೆಯ ಗರ ಬೀಳಬಹುದು? ಹೊಸಬರು ಬೆರಳು ಮಡಚಿ 21 ಎನ್ನುತ್ತಾರೆ. ಆರು ಅವಳಿ, ಹದಿನೈದು ಬೇರೆ ಬೇರೆ. ಹೆಸರಿಗೆ 21 ಸರಿ, ಆದರೆ ಲೆಕ್ಕಕ್ಕೆ ತಪ್ಪು. ಒಂದು ದಾಳ ಕೆಂಪು, ಇನ್ನೊಂದು ನೀಲಿ ಇಟ್ಟುಕೊಂಡರೆ ವಿಷಯ ತಿಳಿಯಾಗುತ್ತದೆ. ಕೆಂಪಿನಲ್ಲಿ 3, ನೀಲಿಯಲ್ಲಿ 1 ಬೀಳುವುದು ಒಂದು, ಕೆಂಪಿನಲ್ಲಿ 1, ನೀಲಿಯಲ್ಲಿ 3 ಬೀಳುವುದು ಇನ್ನೊಂದು. 3-1 ಹೀಗೆ ಎರಡು ದಾರಿಯಲ್ಲಿ ಬರುತ್ತದೆ. 3-3 ಬರುವುದು ಒಂದೇ ದಾರಿಯಲ್ಲಿ. ಎಲ್ಲ ಕೂಡಿ 36. ಹತ್ತನೇ ತರಗತಿಯ 'ಸಂಭವನೀಯತೆ' ಪಾಠದಲ್ಲಿ ಬರುವ 36 ಇದೇ. ಲಂಡನ್ನಿನ ಎಡ್ಮಂಡ್ ಹಾಯ್ಲ್ 1743ರಲ್ಲಿ ಬ್ಯಾಕ್‌ಗ್ಯಾಮನ್ ಕಲಿಸಲು ಬರೆದ ಕಿರುಪುಸ್ತಕದಲ್ಲೂ ಈ ಮೂವತ್ತಾರರ ಪಟ್ಟಿ ಇತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಂಖ್ಯೆ ಹಾಸಿನ ಮೇಲೆ ತಕ್ಷಣ ಉಪಯೋಗಕ್ಕೆ ಬೀಳುತ್ತದೆ.

ಹೇಗೆಂದರೆ, ಅಕ್ಕ ಒಂದು ಕಾಯಿಯನ್ನು ಒಂಟಿಯಾಗಿ ಬಿಡಲೇಬೇಕಾಗಿದೆ. ತಮ್ಮನ ಕಾಯಿಯಿಂದ ಎಷ್ಟು ದೂರದಲ್ಲಿ ಬಿಟ್ಟರೆ ಕಡಿಸಿಕೊಳ್ಳುವ ಭಯ ಕಡಿಮೆ? ಆರು ಮನೆ ದೂರದಲ್ಲಿ ಬಿಟ್ಟಳೆನ್ನಿ. ಯಾವುದಾದರೂ ಒಂದು ದಾಳದಲ್ಲಿ 6 ಬೀಳುವ ಗರಗಳು 11. ಅದಲ್ಲದೆ 5-1 ಎರಡು, 4-2 ಎರಡು, 3-3 ಒಂದು, 2-2 ಒಂದು. ಒಟ್ಟು 17. ಅಂದರೆ ಮೂವತ್ತಾರರಲ್ಲಿ ಹದಿನೇಳು, ಸುಮಾರು ಅರ್ಧಕ್ಕರ್ಧ. ಅದೇ ಕಾಯಿಯನ್ನು ಇನ್ನೊಂದೇ ಹೆಜ್ಜೆ ಆಚೆ, ಏಳು ಮನೆ ದೂರದಲ್ಲಿ ಬಿಟ್ಟರೆ? 6-1, 5-2, 4-3 ಎರಡೆರಡು ಸಲ, ಒಟ್ಟು 6 ಮಾತ್ರ! ಒಂದು ಹೆಜ್ಜೆಗೆ ಅಪಾಯ ಮೂರನೇ ಒಂದು ಪಾಲಿಗೆ ಇಳಿಯಿತು. ನಡುವೆ ಕಟ್ಟಿದ ಮನೆಗಳಿದ್ದರೆ ಇವೂ ಇನ್ನಷ್ಟು ತಗ್ಗುತ್ತವೆ.

ಇನ್ನೂ ಹತ್ತಿರ ಬಂದರೆ? ಹೆದರಿದವರು ದೂರ ಓಡಬೇಕೆನ್ನುವುದು ಸಹಜ. ಆದರೆ ಆರು ಮನೆಯೊಳಗೇ ಇರಬೇಕಾದರೆ ಎದುರಾಳಿಗೆ ಅಂಟಿಕೊಂಡಷ್ಟೂ ಕ್ಷೇಮ. ಐದು ಮತ್ತು ನಾಲ್ಕು ಮನೆ ದೂರಕ್ಕೆ 15 ಗರ, ಮೂರಕ್ಕೆ 14, ಎರಡಕ್ಕೆ 12, ಪಕ್ಕದ ಮನೆಗೆ 11. ಈ ಆರೇಳು ಅಂಕಿಗಳನ್ನು ತಿಳಿದ ಹೊಸಬ, ತಿಳಿಯದ ಹಳಬನನ್ನು ತಿಂಗಳೊಳಗೆ ಹಿಂದಿಕ್ಕುತ್ತಾನೆ. ಸಣ್ಣ ಮಕ್ಕಳಿಗೆ ಪಟ್ಟಿ ಕೊಡುವುದಕ್ಕಿಂತ, ಪ್ರತಿ ಸಲ ಅವರಿಂದಲೇ ಎಣಿಸಿಸುವುದು ಲೇಸು.

ನಡುಪಟ್ಟಿಯಿಂದ ಒಳಬರುವ ಲೆಕ್ಕ ಇನ್ನೂ ಸುಲಭ. ತಮ್ಮ ತನ್ನ ಒಳ ಅಂಗಳದ ಆರರಲ್ಲಿ ಮೂರು ಮನೆ ಕಟ್ಟಿದ್ದರೆ ಎರಡೂ ದಾಳ ಮುಚ್ಚಿದ ಮನೆಗೇ ಬೀಳುವ ಗರಗಳು ಮೂರು ಮೂರಲ ಒಂಬತ್ತು. ಮೂವತ್ತಾರರಲ್ಲಿ ಒಂಬತ್ತು, ಅಂದರೆ ಕಾಲು ಭಾಗ. ಐದು ಮನೆ ಕಟ್ಟಿದ್ದರೆ ಐದೈದಲ ಇಪ್ಪತ್ತೈದು ಸಲ ಹೊರಗೇ ಉಳಿಯಬೇಕು. ಒಂದೊಂದು ಮನೆಯೂ ಎಷ್ಟು ಬೆಲೆಯದೆಂದು ಇದರಿಂದ ತಿಳಿಯುತ್ತದೆ.

ಹೀಗಾಗಿ ಮೊದಲ ನಡೆಗಳಲ್ಲೇ ಒಳ್ಳೆಯ ಮನೆ ಕಟ್ಟುವವರು ಮುಂದೆ ಬರುತ್ತಾರೆ. ಆರಂಭದಲ್ಲಿ 3-1 ಬಿದ್ದರೆ 8ರಿಂದ ಒಂದು, 6ರಿಂದ ಒಂದು ಕಾಯಿ ತಂದು 5ನೇ ಮನೆ ಕಟ್ಟಬೇಕು. ಮೊದಲ ಗರವಾಗಿ ಇದಕ್ಕಿಂತ ಒಳ್ಳೆಯದಿಲ್ಲ. 4-2 ಬಿದ್ದರೆ ಹಾಗೆಯೇ 4ನೇ ಮನೆ. 6-1ಕ್ಕೆ 13ರಿಂದ ಒಂದು, 8ರಿಂದ ಒಂದು ತಂದು 7ನೇ ಮನೆ. ಆಗ 6, 7, 8 ಸಾಲಾಗಿ ನಿಂತು ಒಳಗೆ ಸಿಕ್ಕಿಕೊಂಡ ತಮ್ಮನ ಎರಡು ಕಾಯಿಗಳಿಗೆ ಗೋಡೆಯಾಗುತ್ತದೆ. ಸಾಲಾಗಿ ಆರು ಮನೆ ಕಟ್ಟಿದರಂತೂ ಯಾವ ಗರದಿಂದಲೂ ಅದನ್ನು ದಾಟಲಾಗದು. 6-5 ಬಿದ್ದರೆ ಕಟ್ಟುವ ಯೋಚನೆ ಬಿಟ್ಟು, 24ರ ಒಂದು ಕಾಯಿಯನ್ನು ಒಂದೇ ಉಸಿರಿಗೆ 13ಕ್ಕೆ ಓಡಿಸುವುದು ವಾಡಿಕೆ.

ಯಂತ್ರ ತಿದ್ದಿದ ಪಾಠ

2-1, 4-1, 5-1 ಬಿದ್ದಾಗ ಆ ಒಂದನ್ನು ಹೇಗೆ ಆಡಬೇಕು? 6ರಿಂದ ಒಂದು ಕಾಯಿಯನ್ನು 5ಕ್ಕೆ ಒಂಟಿಯಾಗಿ ಇಳಿಸಿ, ಮುಂದಿನ ಸರದಿಯಲ್ಲಿ ಜೋಡಿ ಮಾಡಿಕೊಳ್ಳಿ ಎಂದು ಬಹುಕಾಲ ಬಲ್ಲವರು ಕಲಿಸುತ್ತಿದ್ದರು. ತಮ್ಮನ ಕಾಯಿ ಅಲ್ಲಿಂದ ನಾಲ್ಕು ಮನೆ ದೂರ. ಕಡಿಯಲು 15 ಗರ. ಉಳಿದ 21ರಲ್ಲಿ ಬದುಕಿಕೊಂಡರೆ ಲಾಭ ದೊಡ್ಡದು ಎಂಬ ವಾದ.

ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಜೆರಾಲ್ಡ್ ಟೆಸಾರೊ 1990ರ ದಶಕದ ಆರಂಭದಲ್ಲಿ 'ಟಿಡಿ-ಗ್ಯಾಮನ್' ಎಂಬ ಕಂಪ್ಯೂಟರ್ ಕಾರ್ಯಕ್ರಮ ರೂಪಿಸಿದ. ಅದು ತನ್ನೊಂದಿಗೆ ತಾನೇ ಆಡಿ, ಸೋತು, ಗೆದ್ದು ಕಲಿಯಿತು. ಒಂದು ಆವೃತ್ತಿ ಹೀಗೆ ಆಡಿದ ಆಟಗಳು 15 ಲಕ್ಷ. ಆ ಯಂತ್ರ ಈ ಗರಗಳಲ್ಲಿ 5ನೇ ಮನೆಗೆ ಇಳಿಯುವ ಬದಲು ಹಿಂದಿನ 24ರ ಒಂದು ಕಾಯಿಯನ್ನು 23ಕ್ಕೆ ಸರಿಸುತ್ತಿತ್ತು. ಮೇಲ್ಮಟ್ಟದ ಆಟಗಾರರು ಕೈಯಾರೆ ಪರೀಕ್ಷಿಸಿ ನೋಡಿದರು. ಯಂತ್ರದ್ದೇ ಸರಿ ಎನ್ನಿಸಿ ತಮ್ಮ ರೂಢಿ ಬದಲಿಸಿದರು. ತಾನೇ ಆಡಿ ತಾನೇ ಕಲಿಯುವ ಈ ದಾರಿ ಮುಂದೆ ಗಣಕಗಳ ಲೋಕದಲ್ಲಿ ಬಹಳ ದೂರ ಹೋಯಿತು. ದಾಳದ ಆಟವೊಂದು ಅದಕ್ಕೆ ಆರಂಭದ ಪಾಠಶಾಲೆಗಳಲ್ಲಿ ಒಂದಾಗಿತ್ತು ಎಂಬುದು ಸ್ವಾರಸ್ಯ.

ಇದಕ್ಕಿಂತ ಹಳೆಯದಾದ ಇನ್ನೊಂದು ಪ್ರಸಂಗವನ್ನು ಮಕ್ಕಳಿಗೆ ಹೇಳಲೇಬೇಕು. 1979ರಲ್ಲಿ ಮಾಂಟೆಕಾರ್ಲೋದಲ್ಲಿ ಹ್ಯಾನ್ಸ್ ಬರ್ಲಿನರ್ ರೂಪಿಸಿದ ಕಾರ್ಯಕ್ರಮವೊಂದು ಆಗಿನ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7-1 ಅಂಕಗಳಿಂದ ಸೋಲಿಸಿತು. ಯಂತ್ರ ಮನುಷ್ಯನನ್ನು ಮೀರಿಸಿತೆಂದು ದೊಡ್ಡ ಸುದ್ದಿ. ಬರ್ಲಿನರ್ ಮಾತ್ರ ಕುಳಿತು ಪ್ರತಿ ನಡೆಯನ್ನೂ ಪರಿಶೀಲಿಸಿದರು. ಚೆನ್ನಾಗಿ ಆಡಿದವರು ವಿಲ್ಲಾ, ತಮ್ಮ ಕಾರ್ಯಕ್ರಮಕ್ಕೆ ದಾಳ ಒಲಿದಿತ್ತು ಎಂದು ಅವರೇ ಒಪ್ಪಿಕೊಂಡರು. ಗೆದ್ದವರೇ ಹೀಗೆ ಹೇಳುವುದು ಅಪರೂಪ.

ಪಣದ ಪ್ರಶ್ನೆ

ಪಾಲಕರ ಭಯ ಸುಳ್ಳಲ್ಲ. ಬ್ಯಾಕ್‌ಗ್ಯಾಮನ್ ಹಣವಿಟ್ಟೂ ಆಡುವ ಆಟ. 1920ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಇದಕ್ಕೆ ಇನ್ನೊಂದು ದಾಳ ಸೇರಿಕೊಂಡಿತು. ಅದರ ಆರು ಮುಖಗಳಲ್ಲಿ 2, 4, 8, 16, 32, 64 ಎಂದು ಬರೆದಿರುತ್ತದೆ. ಅದನ್ನು ಉರುಳಿಸುವುದಿಲ್ಲ. ತನ್ನ ಸ್ಥಿತಿ ಚೆನ್ನಾಗಿದೆ ಎನ್ನಿಸಿದವರು ತಮ್ಮ ಸರದಿಯಲ್ಲಿ ಅದನ್ನು ಎದುರಿಗೆ ತಳ್ಳಿ 'ಆಟ ಇಮ್ಮಡಿ' ಎನ್ನಬಹುದು. ಎದುರಾಳಿ ಒಪ್ಪಿ ಆಡಬೇಕು, ಇಲ್ಲವೇ ಒಂದು ಪಾಲು ಸೋತು ಎದ್ದುಬಿಡಬೇಕು. ಹಣದಾಟಕ್ಕೆ ಇದು ಬೆಂಕಿಗೆ ತುಪ್ಪ.

ಆದರೆ ಹಣ ತೆಗೆದು ಅಂಕ ಇಟ್ಟರೆ ಇದೇ ಒಂದು ಒಳ್ಳೆಯ ಲೆಕ್ಕವಾಗುತ್ತದೆ. ಗೆಲ್ಲುವ ಸಂಭವ ಎಷ್ಟಿದ್ದರೆ ಇಮ್ಮಡಿಗೆ ಒಪ್ಪಬಹುದು? ಅರ್ಧದಷ್ಟಾದರೂ ಇರಬೇಕು ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ನಾಲ್ಕು ಆಟಗಳ ಲೆಕ್ಕ ನೋಡಿ. ನಾಲ್ಕರಲ್ಲೂ ಎದ್ದುಬಿಟ್ಟರೆ 4 ಅಂಕ ನಷ್ಟ. ನಾಲ್ಕರಲ್ಲೂ ಒಪ್ಪಿ ಮೂರು ಸೋತು ಒಂದು ಗೆದ್ದರೆ 6 ಹೋಗಿ 2 ಬಂದು ಅದೇ 4 ನಷ್ಟ. ಅಂದರೆ ನಾಲ್ಕರಲ್ಲಿ ಒಂದು ಗೆಲ್ಲುವ ಆಸೆ ಇದ್ದರೂ ಎದ್ದುಹೋಗುವ ಅಗತ್ಯವಿಲ್ಲ. ನಾಲ್ಕಾರು ತಿಂಗಳು ಸಾದಾ ಆಟ ಆಡಿ ಪಳಗಿದ ಮೇಲೆ ಈ ದಾಳ ಸೇರಿಸಿಕೊಂಡರೆ ಸಾಕು.

ಮೊಬೈಲಿನಲ್ಲಿ ಆಡುವ ಮಕ್ಕಳ ಬಗ್ಗೆ ಎಚ್ಚರ ಬೇಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ಏನೇ ಇರಲಿ, ಮನೆಯಲ್ಲಿ ಒಂದು ಕಟ್ಟಳೆ ಇರಲಿ: ಐದು ರೂಪಾಯಿ ಪಣವೂ ಬೇಡ, ಒಂದು ಚಾಕಲೇಟಿನ ಪಣವೂ ಬೇಡ. ಪಣ ಬಂದ ಕೂಡಲೇ ಕಣ್ಣು ಹಾಸು ಬಿಟ್ಟು ಚಾಕಲೇಟಿನ ಕಡೆ ಹೋಗುತ್ತದೆ.

ಇನ್ನೊಂದು ತೊಂದರೆ, ಗರ ಕೆಟ್ಟದ್ದು ಬಿತ್ತೆಂದು ದಾಳ ಎಸೆಯುವ, ಅಳುವ ಮಕ್ಕಳು. ದೊಡ್ಡವರಲ್ಲೂ ಇಂಥವರು ಇಲ್ಲದಿಲ್ಲ. ಇದಕ್ಕೆ ಕೆಲವು ಕಡೆ ಅನುಸರಿಸುವ ಉಪಾಯ ಒಂದು ನೋಟುಪುಸ್ತಕ. ಒಂಟಿ ಕಾಯಿ ಬಿಡುವ ಮೊದಲು 'ಕಡಿಯುವ ಗರ ಇಷ್ಟು' ಎಂದು ಬರೆಯಬೇಕು. ಆಮೇಲೆ ಕಡಿತವಾದರೂ, ಆಗದಿದ್ದರೂ ಆ ಅಂಕಿ ಬದಲಾಗುವುದಿಲ್ಲ. ಸಂಜೆ ಆಟ ಮುಗಿದ ಮೇಲೆ ಎಷ್ಟು ಆಟ ಗೆದ್ದೆ ಎಂದು ಕೇಳುವ ಬದಲು, ನೋಟುಪುಸ್ತಕದಲ್ಲಿ ಯಾವ ಎಣಿಕೆ ತಪ್ಪಿದೆ ಎಂದು ಅಪ್ಪನೋ ಅಮ್ಮನೋ ನೋಡಿದರೆ ಮಗುವಿನ ಗಮನವೂ ಅಲ್ಲಿಗೇ ತಿರುಗುತ್ತದೆ. ಆರು ಮನೆ ದೂರಕ್ಕೆ 11 ಎಂದು ಬರೆದಿದ್ದರೆ 5-1, 4-2ಗಳನ್ನು ಮರೆತಿದ್ದಾನೆ ಎಂದರ್ಥ. ತಿದ್ದಲು ಎರಡು ನಿಮಿಷ ಸಾಕು.

ಮೂರು ಕಾಯಿ ಉಳಿದಾಗ

ಕೊನೆಗೆ, ಮನೆಮಂದಿ ಎಲ್ಲ ಕೂತು ಬಿಡಿಸಬಹುದಾದ ಒಂದು ಲೆಕ್ಕ. ಅಕ್ಕನಿಗೆ ಉಳಿದಿರುವುದು ಮೂರು ಕಾಯಿ: 6ನೇ ಮನೆಯಲ್ಲಿ, 5ರಲ್ಲಿ, 3ರಲ್ಲಿ ಒಂದೊಂದು. ತಮ್ಮನಿಗೆ ಒಂದೇ ಕಾಯಿ, ಅದೂ 1ನೇ ಮನೆಯಲ್ಲಿ. ಮುಂದಿನ ಸರದಿಯಲ್ಲಿ ಏನು ಬಿದ್ದರೂ ಅವನು ಗೆಲ್ಲುತ್ತಾನೆ ಎಂದು ತೋರುತ್ತದೆ. ಆದರೆ ನಿಲ್ಲಿ, ಅಕ್ಕ ಅವಳಿ ಗರ ಹಾಕಿದರೆ ಈಗಲೇ ಗೆಲ್ಲಬಹುದಲ್ಲ? ಬಿದ್ದದ್ದು 6-1. ಹೋಯಿತು. ಆದ್ದರಿಂದ ತಮ್ಮನ ಕೊನೆಯ ಕಾಯಿ ಇನ್ನೂ ಒಂದು ಸರದಿ ದೂರ ಇದೆ, ಅಂದರೆ ಅವನಿಗೆ ಎರಡು ಸರದಿ ಬೇಕು ಎಂದು ಲೆಕ್ಕವನ್ನು ಸ್ವಲ್ಪ ಸಡಿಲಿಸೋಣ: ಅವನಿಗೆ 1ನೇ ಮನೆಯಲ್ಲಿ ಮೂರು ಕಾಯಿ ಇವೆ. ಅವಳಿ ಗರ ಬೀಳದಿದ್ದರೆ ಈ ಸಲ ಎರಡನ್ನು ಇಳಿಸುತ್ತಾನೆ, ಮುಂದಿನ ಸಲ ಮುಗಿಸುತ್ತಾನೆ. ಅಕ್ಕ ಗೆಲ್ಲಬೇಕಾದರೆ ತನ್ನ ಮುಂದಿನ ಒಂದೇ ಗರದಲ್ಲಿ ಎಲ್ಲ ಮುಗಿಸಬೇಕು.

ಈಗ 6ರಿಂದ ಹಿಂದಿನ ಕಾಯಿ ಇಳಿಯಿತು. ಉಳಿದ 1ನ್ನು ಎಲ್ಲಿ ಆಡಬೇಕು? 5ರ ಕಾಯಿಯನ್ನು 4ಕ್ಕೆ ಸರಿಸಿದರೆ 4 ಮತ್ತು 3 ಉಳಿಯುತ್ತವೆ. 3ರ ಕಾಯಿಯನ್ನು 2ಕ್ಕೆ ಸರಿಸಿದರೆ 5 ಮತ್ತು 2. ಎರಡರಲ್ಲೂ ಉಳಿದ ದಾರಿ ಏಳೇ ಹೆಜ್ಜೆ. ಹಿಂದುಳಿದ ಕಾಯಿಯನ್ನು ಮುಂದೆ ತರುವುದೇ ಜಾಣತನವೆಂದು ಹೆಚ್ಚಿನವರ ಕೈ 5ರ ಕಡೆಗೇ ಹೋಗುತ್ತದೆ.

ಎಣಿಸಿ ನೋಡಿ. 4 ಮತ್ತು 3ನ್ನು ಒಂದೇ ಗರದಲ್ಲಿ ಮುಗಿಸಲು ಎರಡೂ ದಾಳ 3 ಅಥವಾ ಮೇಲೆ ಬೀಳಬೇಕು. ಅಂಥ ಗರಗಳು ನಾಲ್ಕು ನಾಲ್ಕಲ ಹದಿನಾರು. 3-3 ಅವಳಿ ಆದ್ದರಿಂದ ಅದೂ ನಡೆಯುತ್ತದೆ. ಜೊತೆಗೆ 2-2. ಒಟ್ಟು 17. ಇನ್ನು 5 ಮತ್ತು 2ಕ್ಕೆ ಬೇಕಾದದ್ದು ಒಂದರಲ್ಲಿ 5 ಅಥವಾ 6, ಇನ್ನೊಂದರಲ್ಲಿ 1 ಬಿಟ್ಟು ಬೇರೆ ಯಾವುದಾದರೂ. ಅವು 16. ಅದರ ಮೇಲೆ 4-4, 3-3, 2-2 ಮೂರು ಅವಳಿಗಳು. ಒಟ್ಟು 19. ಹಿಂದಿನ ಕಾಯಿಯನ್ನು ಹಿಂದೆಯೇ ಬಿಟ್ಟ ನಡೆಗೆ ಎರಡು ಗರ ಹೆಚ್ಚು.

6 ಮತ್ತು 1 ಉಳಿದಿದ್ದರೆ? ಅಲ್ಲೂ ಹೆಜ್ಜೆ ಏಳೇ. ಆ ಎಣಿಕೆಯನ್ನು ವಿದ್ಯಾರ್ಥಿಗಳಿಗೇ ಬಿಡೋಣ. ಉತ್ತರ 17ಕ್ಕಿಂತ ಎರಡು ಕಡಿಮೆ.